ಎಡೆದೊರೆ ನಾಡಿನ ಮಕ್ಕಳು

1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿಗೆ ಬಂತು. ಅಧ್ಯಕ್ಷ ಪೀಠದಲ್ಲಿ ಕೂತವರು ಪಂಜೆ ಮಂಗೇಶರಾಯರು. ಬಂಟ್ವಾಳದಲ್ಲಿ ಹುಟ್ಟಿ, ಮಂಗಳೂರು ಸೀಮೆಯಲ್ಲಿ ಮಾಸ್ತರಿಕೆ ಮಾಡಿ, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದವರು ಅವರು. ಮಕ್ಕಳಿಗೆ ಓದಲು ಕನ್ನಡದಲ್ಲಿ ಏನೂ ಇಲ್ಲವೆಂಬ ಕೊರಗಿನಿಂದಲೇ ಹಾಡು, ಕಥೆ ಬರೆದರು. 1921ರಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದರು. ಅಂಥವರು ಬಂದು ಮಾತಾಡಿದ ಊರಿನ ಮಕ್ಕಳ ಸ್ಥಿತಿ ಆಗ ಹೇಗಿತ್ತು? ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಕನ್ನಡ ಮತ್ತು ತೆಲುಗು, ನಿಜಾಮರ ಕಚೇರಿಯಲ್ಲಿ ಉರ್ದು. ಶಾಲೆಯಲ್ಲಿ ಮೇಲಿನ ತರಗತಿಗೆ ಹೋದಷ್ಟೂ ಉರ್ದುವೇ. ಮಕ್ಕಳ ಕವಿ ಅಧ್ಯಕ್ಷರಾಗಿ ಬಂದ ಆ ಊರಿನಲ್ಲಿ, ಅವರ ಹಾಡುಗಳನ್ನು ತರಗತಿಯಲ್ಲಿ ಕೂತು ಕಲಿಯುವ ಅವಕಾಶ ಬಹುಪಾಲು ಮಕ್ಕಳಿಗೆ ಇರಲಿಲ್ಲ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ಎಂದು ಕರೆದಿವೆ. ಆಳಿದವರ ದೃಷ್ಟಿಯಿಂದ ಇದರ ಚರಿತ್ರೆಗೆ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯರು, ಕಾಕತೀಯರು, ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು, ಮೊಗಲರು, ನಿಜಾಮರು ಎಲ್ಲರೂ ಈ ನೆಲಕ್ಕಾಗಿ ಕಾದಾಡಿದವರೇ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದ ಕಥೆಯನ್ನು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಪುಟಗಟ್ಟಲೆ ಬರೆದಿಟ್ಟಿದ್ದಾನೆ. ಆನೆ ಎಷ್ಟು, ಕುದುರೆ ಎಷ್ಟು, ತುಪಾಕಿ ಹಿಡಿದವರು ಯಾರು, ಎಲ್ಲವೂ ಅದರಲ್ಲಿದೆ. ಆ ಮುತ್ತಿಗೆಯ ತಿಂಗಳುಗಳಲ್ಲಿ ಕೋಟೆಯೊಳಗಿನ ಮಕ್ಕಳು ಏನು ಉಂಡರು, ಎಲ್ಲಿ ಅಡಗಿದರು ಎಂಬುದನ್ನು ಯಾರೂ ಬರೆಯಲಿಲ್ಲ. ಈ ಸೀಮೆಯ ಚರಿತ್ರೆಯಲ್ಲಿ ಮಕ್ಕಳ ಪಾಲು ಮೊದಲಿನಿಂದಲೂ ಹೀಗೆ ಖಾಲಿಯಾಗಿಯೇ ಉಳಿದಿದೆ.

ಕಲ್ಲಿನಲ್ಲಿ ಮಾತ್ರ ಒಂದು ಚಿತ್ರ ಉಳಿದಿದೆ, ಮಕ್ಕಳು ನೋಡಿದರೆ ಖುಷಿಪಡುವಂಥದ್ದು. ರಾಯಚೂರಿನ ಒಳಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿಸಿದ್ದನ್ನು ಅದರ ಮೇಲಿನ ತೆಲುಗು ಶಾಸನ ಹೇಳುತ್ತದೆ. ಅಂಥ ಕಲ್ಲನ್ನು ಗಣಿಯಿಂದ ಇಲ್ಲಿಗೆ ತಂದ ಬಗೆಯನ್ನೂ ಕೆತ್ತಿದ್ದಾರೆ: ಬಂಡಿಯ ಮೇಲೆ ಕಲ್ಲು, ಬಂಡಿಗೆ ಹೂಡಿದ ಜಾನುವಾರುಗಳ ಉದ್ದನೆಯ ಸಾಲು, ಅವುಗಳನ್ನು ಹೊಡೆಯುವವರು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಡುವ ಆಳುಗಳು. ದುಡಿದವರ ಚಿತ್ರವನ್ನು ಕೋಟೆಯ ಗೋಡೆಯಲ್ಲೇ ಉಳಿಸಿದ ಆ ಕಲ್ಲುಕುಟಿಗರ ಮನಸ್ಸು ದೊಡ್ಡದು. ಇಂದಿಗೂ ಕಾರಹುಣ್ಣಿಮೆ ಬಂದರೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ಮುಂಗಾರು ಹಬ್ಬ ಮಾಡಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ನಡೆಸುತ್ತಾರೆ. ನೋಡಲು ಮುಗಿಬೀಳುವವರಲ್ಲಿ ಹುಡುಗರೇ ಹೆಚ್ಚು.

ಸಾಮಾನ್ಯರ, ಅವರ ಮಕ್ಕಳ ನೆನಪನ್ನು ಉಳಿಸುವ ಕೆಲಸ ಇಂಗ್ಲೆಂಡಿನಲ್ಲಿ ಬೇರೆ ರೀತಿಯಲ್ಲಿ ನಡೆಯಿತು. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಹೂಳುವಿಕೆಗಳನ್ನು ಬರೆದಿಡಬೇಕೆಂದು ಆಜ್ಞೆ ಮಾಡಿದ. ಅಂದಿನಿಂದ ಎಷ್ಟೋ ಹಳ್ಳಿಗಳಲ್ಲಿ ಕೂಲಿಯವನ ಮಗುವಿನ ಹೆಸರೂ ಕಾಗದಕ್ಕೆ ಬಂತು. 1899ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಒಂದೊಂದು ಕೌಂಟಿಯ ಸ್ಥಳೀಯ ಚರಿತ್ರೆಯನ್ನು ಬರೆಸುವ ಯೋಜನೆ ಶುರುವಾಯಿತು. ಅದು ಇನ್ನೂ ಮುಗಿದಿಲ್ಲ. 1959ರಲ್ಲಿ ಲಾರಿ ಲೀ ಎಂಬ ಕವಿ ಗ್ಲಾಸ್ಟರ್‌ಶೈರಿನ ಸ್ಲ್ಯಾಡ್ ಎಂಬ ಪುಟ್ಟ ಹಳ್ಳಿಯ ತನ್ನ ಬಾಲ್ಯವನ್ನು ಬರೆದಾಗ, ಆ ಕಣಿವೆ, ಆ ಶಾಲೆ, ಆ ಅಡುಗೆಮನೆ ಜಗತ್ತಿಗೆಲ್ಲ ಪರಿಚಯವಾದವು.

ಎಡೆದೊರೆ ನಾಡಿನಲ್ಲಿ ಚರ್ಚಿನ ಪುಸ್ತಕವಿರಲಿಲ್ಲ, ಹೆಳವರಿದ್ದರು. ಎತ್ತು ಹೂಡಿಕೊಂಡು ಹಳ್ಳಿಯಿಂದ ಹಳ್ಳಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಏಳೆಂಟು ತಲೆಮಾರಿನ ಹೆಸರುಗಳನ್ನು ಅವರು ಒಪ್ಪಿಸುತ್ತಿದ್ದರು. ಮೂಲಪುರುಷ ಯಾವ ಊರಿನಿಂದ ಬಂದ, ಯಾಕೆ ಬಂದ, ಯಾರಿಗೆ ಎಷ್ಟು ಮಕ್ಕಳು ಎಂಬುದೆಲ್ಲ ಅವರ ಬಾಯಲ್ಲಿ ಬರುತ್ತಿತ್ತು. ಕಳೆದ ಸಲ ಬಂದು ಹೋದ ಮೇಲೆ ಹುಟ್ಟಿದ ಕೂಸಿನ ಹೆಸರನ್ನು ವಂಶಾವಳಿಗೆ ಸೇರಿಸಿ, ಜೋಳ ಹಾಕಿಸಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಅವರ ಲೆಕ್ಕದಲ್ಲಿ ಗಂಡುಮಕ್ಕಳದ್ದೇ ಕಾರುಬಾರು. ಹೆಣ್ಣುಮಕ್ಕಳ ಹೆಸರು ಉಳಿದದ್ದು ಕಡಿಮೆ. ಆದರೂ ಈ ಸೀಮೆಯ ಒಕ್ಕಲು ಮಕ್ಕಳಿಗೆ ತಮ್ಮ ಮನೆತನದ ಚರಿತ್ರೆಯ ಮೊದಲ ಪಾಠ ಸಿಕ್ಕಿದ್ದು ಹೆಳವರಿಂದಲೇ, ಅದೂ ಕನ್ನಡದಲ್ಲಿ.

ಕನ್ನಡಕ್ಕೆ ಇನ್ನೊಂದು ಆಸರೆ ಮಾನ್ವಿ, ದೇವದುರ್ಗದ ಕಡೆಯಿಂದ ಬಂದದ್ದು. ಹರಿದಾಸ ಪರಂಪರೆಯ ನಕ್ಷೆ ಬರೆಯುವವರು ಈ ಎರಡು ತಾಲ್ಲೂಕುಗಳನ್ನು ಬಿಟ್ಟು ಮುಂದೆ ಹೋಗಲಾರರು. ವಿಜಯದಾಸರು ಹುಟ್ಟಿದ್ದು 1682ರಲ್ಲಿ ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ. ಆಗಿನ ಹೆಸರು ದಾಸಪ್ಪ. ಮನೆಯಲ್ಲಿ ಕಡು ಬಡತನ. ಹುಡುಗ ಊರು ಬಿಟ್ಟು ಅಲೆದು ಕಾಶಿಯವರೆಗೆ ಹೋದ ಎಂದು ಸಂಪ್ರದಾಯ ಹೇಳುತ್ತದೆ. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರುಕಲ್ಲಿನವರು. ಬಾಲ್ಯದ ಹೆಸರು ಭಾಗಣ್ಣ. ಮನೆತನದ ಆಸ್ತಿ ದಾಯಾದಿಗಳ ಪಾಲಾಗಿ ತಾಯಿ-ಮಕ್ಕಳು ಊರೂರು ಅಲೆದ ಕಥೆಯನ್ನು ದಾಸರ ಚರಿತ್ರೆ ಹೇಳುವವರು ಇಂದಿಗೂ ಮನಮುಟ್ಟುವಂತೆ ಹೇಳುತ್ತಾರೆ. ಮೂರನೆಯವರು ಜಗನ್ನಾಥದಾಸರು, ಮಾನ್ವಿ ಸೀಮೆಯ ಬ್ಯಾಗವಾಟದವರು, 1728ರಿಂದ 1809ರವರೆಗೆ ಬಾಳಿದವರು.

ಜಗನ್ನಾಥದಾಸರ ಕಥೆಯಲ್ಲಿ ಭಾಷೆಯ ಜಗಳವೇ ನಡುಮನೆಯಲ್ಲಿ ಕೂತಿದೆ. ಹುಟ್ಟುಹೆಸರು ಶ್ರೀನಿವಾಸ, ಸಂಸ್ಕೃತದಲ್ಲಿ ದೊಡ್ಡ ಪಂಡಿತ. ಕನ್ನಡದಲ್ಲಿ ಹಾಡು ಕಟ್ಟಿ ಕುಣಿಯುವ ವಿಜಯದಾಸರನ್ನು ಅವರು ಕೀಳಾಗಿ ಕಂಡರಂತೆ. ಆಮೇಲೆ ತಾಳಲಾರದ ಹೊಟ್ಟೆಶೂಲೆ ಹಿಡಿದು, ಗೋಪಾಲದಾಸರ ಬಳಿ ಹೋಗಿ, ಅವರ ಆಯುರ್ದಾನದಿಂದ ಬದುಕಿ, ತಾವೇ ದಾಸರಾದರು ಎಂಬುದು ಭಕ್ತರ ನಂಬಿಕೆ. ಕೊನೆಗೆ ಅವರೇ ಭಾಮಿನಿ ಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನು ಬರೆದರು. ಮಧ್ವಮತದ ಗಹನ ತತ್ತ್ವವನ್ನೆಲ್ಲ ಅಡುಗೆಮನೆಯಲ್ಲಿ ಕೂತ ಹೆಂಗಸರೂ ಹೇಳಿಕೊಳ್ಳುವಂಥ ಕನ್ನಡಕ್ಕೆ ತಂದ ಪುಸ್ತಕ ಅದು. ಮಾನ್ವಿಯಲ್ಲಿ ಅವರು ನೆಲೆಸಿದ್ದ ಜಾಗ ಇಂದು ದಾಸರ ಸನ್ನಿಧಿಯಾಗಿದೆ.

ನಿಜಾಮರ ಕಾಲದಲ್ಲಿ ಶಾಲೆ ಕೊಡದ ಕನ್ನಡವನ್ನು ಇಲ್ಲಿನ ಮಕ್ಕಳು ಇಂಥ ಮೂಲೆಗಳಿಂದ ಎತ್ತಿಕೊಂಡರು. ಅಜ್ಜಿ ಬೆಳಗಿನ ಜಾವ ಹೇಳುತ್ತಿದ್ದ ದಾಸರ ಪದ, ಮಠದ ಜಗಲಿಯಲ್ಲಿ ಅಯ್ಯನವರು ಹೇಳಿಸುತ್ತಿದ್ದ ವಚನ, ಬೀಸುಕಲ್ಲಿನ ಮುಂದಿನ ಹಾಡು, ಗುಡಿಯ ಮುಂದೆ ರಾತ್ರಿಯೆಲ್ಲ ನಡೆಯುವ ಬಯಲಾಟ ಇವೇ ಅವರ ಪಾಠಗಳು. ಮೊಹರಂ ಬಂದರೆ ಹಳ್ಳಿಹಳ್ಳಿಯಲ್ಲಿ ಅಲಾಯಿ ಕುಣಿ ತೋಡುತ್ತಿದ್ದರು. ಹುಡುಗರು ಹುಲಿವೇಷ ಹಾಕುತ್ತಿದ್ದರು. ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಸೇರಿ ಕರ್ಬಲಾದ ಕಥೆಯನ್ನು ರಿವಾಯತ್ ಪದಗಳಲ್ಲಿ ಹಾಡುತ್ತಿದ್ದರು. ಆ ಪದಗಳ ಭಾಷೆ ಅಚ್ಚ ಸೀಮೆಯ ಕನ್ನಡ. ಇದನ್ನು ಮರೆತು, ನಿಜಾಮರ ಕಾಲದ ಭಾಷೆಯ ಕಥೆಯನ್ನು ಎರಡು ಧರ್ಮಗಳ ಜಗಳವೆಂದು ಬರೆಯುವವರು ಆ ಹಳ್ಳಿಗಳ ಬಾಲ್ಯವನ್ನು ಅರಿಯದವರು.

ಜಗಳ ಇದ್ದದ್ದು ಸರ್ಕಾರದ ನೀತಿಯೊಡನೆ. ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗರು, ಮರಾಠಿಗರು, ಕನ್ನಡಿಗರು ಸೇರಿದರೆ ಜನಸಂಖ್ಯೆಯ ಬಹುದೊಡ್ಡ ಪಾಲು. ಆದರೂ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪಾರಸಿಯ ಜಾಗಕ್ಕೆ ಬಂದು ಕೂತ ಉರ್ದುವೇ ಆಡಳಿತ ಭಾಷೆಯಾಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಇಂಗ್ಲಿಷನ್ನು ಬದಿಗಿಟ್ಟು ಒಂದು ದೇಶಭಾಷೆಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಎಲ್ಲವನ್ನೂ ಕಲಿಸಿದ ಸಾಹಸ ಅದು. ಅದಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕು. ಆದರೆ ಆ ದೇಶಭಾಷೆ ರಾಯಚೂರಿನ ಒಕ್ಕಲು ಮಗನದ್ದಾಗಿರಲಿಲ್ಲ. ಶಾಲೆಗಳು ತಹತಾನಿಯಾ, ವುಸ್ತಾನಿಯಾ, ಫೌಕಾನಿಯಾ ಎಂದು ಮೂರು ಹಂತ. ಕೆಳಗಿನ ಹಂತದಲ್ಲಿ ಅಲ್ಲಲ್ಲಿ ಕನ್ನಡ ಕಲಿಸುತ್ತಿದ್ದರೂ ಮೇಲೆ ಏರಿದಂತೆ ಗಣಿತ, ಭೂಗೋಳ, ಚರಿತ್ರೆ ಎಲ್ಲ ಉರ್ದುವಿನಲ್ಲಿ. ಹಳ್ಳಿಯ ಹುಡುಗನಿಗೆ ಲೆಕ್ಕ ಬರುತ್ತಿರಲಿಲ್ಲವೆಂದರೆ ಎಷ್ಟೋ ಸಲ ಲೆಕ್ಕವಲ್ಲ, ಅದನ್ನು ಕೇಳಿದ ಭಾಷೆ ಬರುತ್ತಿರಲಿಲ್ಲ.

ಮಕ್ಕಳ ಕೈಗೆ ಸಿಗುತ್ತಿದ್ದ ಕಾಸು ಕೂಡ ಬೇರೆ. ನಿಜಾಮರ ಹಾಲಿ ಸಿಕ್ಕಾ ಏಳು ರೂಪಾಯಿಗೆ ಬ್ರಿಟಿಷರ ಕಲ್ದಾರ್ ಆರು ರೂಪಾಯಿ. ತುಂಗಭದ್ರೆಯ ಆಚೆಗೆ ಮದ್ರಾಸ್ ಪ್ರಾಂತ್ಯ. ಹೊಳೆ ದಾಟಿ ಆದೋನಿಗೋ ಬಳ್ಳಾರಿಗೋ ಹೊರಟವರು ಸುಂಕದ ಕರೋಡಗಿರಿ ನಾಕಾದಲ್ಲಿ ಗಂಟು ಬಿಚ್ಚಿ ತೋರಿಸಬೇಕು. ಪಂಚಾಂಗದ ಜೊತೆಗೆ ಸರ್ಕಾರದ ಫಸಲಿ ವರ್ಷದ ಲೆಕ್ಕವೂ ತಲೆಯಲ್ಲಿರಬೇಕು. ಒಂದೇ ಬಳಗ, ಒಂದೇ ಮಾತು, ಹೊಳೆಯ ಎರಡು ದಡದಲ್ಲಿ ಎರಡು ರಾಜ್ಯ.

ರಾಯಚೂರು ಪಟ್ಟಣಕ್ಕೆ ಹೊರಗಿನ ಗಾಳಿ ಬಂದದ್ದು ರೈಲಿನಿಂದ. ಮುಂಬಯಿಯಿಂದ ಹಳಿ ಹಾಕುತ್ತ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆ ಕಂಪನಿಯೂ 1871ರಲ್ಲಿ ಕೈಕೂಡಿಸಿದ್ದು ರಾಯಚೂರಿನಲ್ಲಿ. ಲಂಡನ್ನಿನಲ್ಲಿ ಬಂಡವಾಳ ಕೂಡಿಸಿದ ಎರಡು ಕಂಪನಿಗಳು ಭಾರತದ ಎರಡು ಕರಾವಳಿಗಳನ್ನು ಜೋಡಿಸಿದ ಜಾಗ ಈ ಕೋಟೆಯೂರು. ಹತ್ತಿ, ಶೇಂಗಾ ವ್ಯಾಪಾರ ಬೆಳೆಯಿತು. ಸ್ಟೇಶನ್ನಿನ ಕಡೆ ಹೊಸ ಪೇಟೆ ಎದ್ದಿತು. ಮುಂಬಯಿಯ ಪತ್ರಿಕೆ, ಮದ್ರಾಸಿನ ಪುಸ್ತಕ, ಕಾಂಗ್ರೆಸ್ಸಿನ ಸುದ್ದಿ ಎಲ್ಲ ಈ ಪ್ಲಾಟ್‌ಫಾರ್ಮಿನ ಮೇಲೆ ಇಳಿದವು. ಮಾನ್ವಿ, ದೇವದುರ್ಗಕ್ಕೆ ಆ ಭಾಗ್ಯ ಇರಲಿಲ್ಲ. ಅಲ್ಲಿನ ಮಕ್ಕಳಿಗೆ ರೈಲು ಎಂದರೆ ಎತ್ತಿನ ಬಂಡಿಯಲ್ಲಿ ದಿನಗಟ್ಟಲೆ ಸಾಗಿ ರಾಯಚೂರಿಗೆ ಬಂದಾಗ ಕಾಣುವ ಅಚ್ಚರಿ.

ದೇವದುರ್ಗದ ಮಾತು ಬಂದಾಗ ಕೃಷ್ಣೆಯ ಆಚೆ ದಡದ ಸುರಪುರವನ್ನು ಬಿಡುವಂತಿಲ್ಲ. ಎರಡೂ ಬೇಡ ನಾಯಕರ ನೆಲೆಗಳು. ಆ ಸುರಪುರದಲ್ಲಿ ಇಂಗ್ಲೆಂಡಿನ ಒಂದು ಬಾಲ್ಯವೂ ಈ ನೆಲದ ಒಂದು ಬಾಲ್ಯವೂ ಎದುರುಬದುರಾದವು. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ತಂದೆಯ ವ್ಯಾಪಾರ ಮುರಿದು, ಹದಿನೈದರ ಹುಡುಗನನ್ನು 1824ರಲ್ಲಿ ಮುಂಬಯಿಯ ಹಡಗು ಹತ್ತಿಸಿದರು. ಅವನು ನಿಜಾಮರ ಸೇನೆ ಸೇರಿದ, ಮರಾಠಿ, ಉರ್ದು ಕಲಿತ, ಕಾದಂಬರಿ ಬರೆದ. 1841ರಲ್ಲಿ ಸುರಪುರದ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಚಿಕ್ಕವನು. ಸಂಸ್ಥಾನದ ಉಸ್ತುವಾರಿಗೆ ಬ್ರಿಟಿಷರು ಟೇಲರನನ್ನು ಕಳಿಸಿದರು. ಹುಡುಗ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ. ಟೇಲರ್ ಅವನಿಗೆ ಇಂಗ್ಲಿಷ್ ಕಲಿಸಿದ, ರಾಜ್ಯದ ಲೆಕ್ಕಪತ್ರ ತಿಳಿಸಿದ, 1853ರಲ್ಲಿ ಸಂಸ್ಥಾನವನ್ನು ಅವನ ಕೈಗಿತ್ತು ಹೊರಟ.

ಅದೇ 1853ರಲ್ಲಿ ನಿಜಾಮರು ಸಾಲದ ಬಾಬ್ತು ರಾಯಚೂರು ದೋಆಬನ್ನು, ಅಂದರೆ ಈ ಎಡೆದೊರೆ ಸೀಮೆಯನ್ನು, ಬ್ರಿಟಿಷರಿಗೆ ಒಪ್ಪಿಸಿದ್ದರು. ಲಿಂಗಸುಗೂರಿನಲ್ಲಿ ಅವರ ಛಾವಣಿ ಇತ್ತು. ಏಳು ವರ್ಷ ದೇವದುರ್ಗ, ಮಾನ್ವಿ, ರಾಯಚೂರುಗಳು ಈಸ್ಟ್ ಇಂಡಿಯಾ ಕಂಪನಿಯ, ಆಮೇಲೆ ರಾಣಿಯ ಆಡಳಿತ ಕಂಡವು; 1860ರಲ್ಲಿ ಮತ್ತೆ ನಿಜಾಮರಿಗೆ ಮರಳಿದವು. ಈ ನಡುವೆ 1858ರ ಫೆಬ್ರವರಿಯಲ್ಲಿ ಯುವಕ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ. ಸೋತು ಸೆರೆಯಾದ. ಸಿಕಂದರಾಬಾದಿನ ಬಂದೀಖಾನೆಯಲ್ಲಿ ಟೇಲರ್ ಅವನನ್ನು ಕಂಡ. ಗಲ್ಲು ಶಿಕ್ಷೆ ತಗ್ಗಿ ಕಡೆಗೆ ನಾಲ್ಕು ವರ್ಷದ ಸೆರೆವಾಸವಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಅವನು ಸತ್ತ. ಟೇಲರ್ ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ನೊಂದು ಬರೆದಿದ್ದಾನೆ. ಟೇಲರ್ ಸತ್ತ ಮೇಲೆ 1877ರಲ್ಲಿ ಮಗಳು ಆ ಪುಸ್ತಕವನ್ನು ಹೊರತಂದಳು. ಲಿವರ್‌ಪೂಲಿನ ಹುಡುಗನ ಬಾಲ್ಯ ಅವನದೇ ಮಾತಿನಲ್ಲಿ ಉಳಿಯಿತು. ಸುರಪುರದ ಹುಡುಗನ ಬಾಲ್ಯವೂ ಉಳಿದದ್ದು ಲಿವರ್‌ಪೂಲಿನವನ ಮಾತಿನಲ್ಲೇ. ವೆಂಕಟಪ್ಪ ತನ್ನ ಕಥೆಯನ್ನು ತಾನೇ ಬರೆದಿದ್ದರೆ ಆ ಅಪ್ಪನ ಬಗ್ಗೆ ಏನು ಬರೆಯುತ್ತಿದ್ದನೋ ಎಂಬ ಪ್ರಶ್ನೆ ಆ ಪುಸ್ತಕ ಓದುವ ಯಾವ ಕನ್ನಡಿಗನನ್ನೂ ಬಿಡುವುದಿಲ್ಲ.

ಈ ನೆಲದ ಅತಿ ಹಳೆಯ ಪುಟಗಳನ್ನು ತೆರೆದವರಲ್ಲೂ ಇಂಗ್ಲೆಂಡಿನ ಊರುಗಳವರಿದ್ದಾರೆ. ಲಾರಿ ಲೀಯ ಸ್ಲ್ಯಾಡ್ ಇರುವ ಗ್ಲಾಸ್ಟರ್‌ಶೈರಿನದೇ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ 1834ರಲ್ಲಿ ಹುಟ್ಟಿದ ರಾಬರ್ಟ್ ಬ್ರೂಸ್ ಫೂಟ್, ಭೂವಿಜ್ಞಾನ ಇಲಾಖೆಯ ಕೆಲಸದಲ್ಲಿ ದೋಆಬನ್ನು ಸುತ್ತಿ, ಮಸ್ಕಿಯ ಸುತ್ತ ಶಿಲಾಯುಗದ ಕೊಡಲಿ, ಮಡಕೆ ಚೂರುಗಳನ್ನು ಆರಿಸಿದ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅದೇ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಚಿತವಾದದ್ದು ಆ ಶಾಸನದಿಂದ. ದನ ಕಾಯುವ ಹುಡುಗರು ಶತಮಾನಗಳ ಕಾಲ ಆ ಬಂಡೆಯ ನೆರಳಿನಲ್ಲಿ ಕೂತು ಎದ್ದಿರಬೇಕು. ಅಕ್ಷರ ಕಂಡವರಿಗೆ ಅದನ್ನು ಓದುವ ವಿದ್ಯೆ ಇರಲಿಲ್ಲ, ವಿದ್ಯೆ ಇದ್ದವರಿಗೆ ಆ ಬಂಡೆ ಗೊತ್ತಿರಲಿಲ್ಲ. ದೇವದುರ್ಗ ತಾಲ್ಲೂಕಿನ ಗಬ್ಬೂರು ಚಾಲುಕ್ಯರ ಕಾಲದ ಗುಡಿ, ಶಾಸನಗಳಿಂದ ತುಂಬಿದ ಊರು, ಹಿಂದೊಮ್ಮೆ ವಿದ್ಯೆಗೆ ಹೆಸರಾದ ಊರು. ಅಲ್ಲಿನ ಮಕ್ಕಳೂ ನೂರಾರು ವರ್ಷ ಆ ಕನ್ನಡ ಶಾಸನಗಳ ಪಕ್ಕದಲ್ಲೇ ಆಡಿ ಬೆಳೆದರು.

ಈ ಅಕ್ಷರದ ಬರಗಾಲಕ್ಕೆ ಮದ್ದು ಹುಡುಕಿದವರು ಪಂಡಿತ ತಾರಾನಾಥರು. 1891ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ವೈದ್ಯಕೀಯ ಓದಿ, 1920ರ ದಶಕದ ಆರಂಭದ ಹೊತ್ತಿಗೆ ರಾಯಚೂರಿನಲ್ಲಿ ನೆಲೆ ನಿಂತು ಹಮದರ್ದ್ ಶಾಲೆಯನ್ನು ಕಟ್ಟಿದರು. ವೈದ್ಯರು, ಸಂಗೀತ ಬಲ್ಲವರು, ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನೀರು ಕುಡಿದಷ್ಟು ಸಲೀಸಾಗಿ ಮಾತಾಡುವವರು. ಎಲ್ಲ ಜಾತಿಯ, ಎರಡೂ ಧರ್ಮದ ಮಕ್ಕಳು ಒಟ್ಟಿಗೆ ಕೂತು ಕಲಿಯಬೇಕೆಂಬುದು ಅವರ ಹಟ. ಖಾಸಗಿ ಶಾಲೆ ತೆರೆಯಲು ಅಪ್ಪಣೆ, ಸಭೆ ನಡೆಸಲು ಅಪ್ಪಣೆ ಬೇಕಿದ್ದ ಸಂಸ್ಥಾನದಲ್ಲಿ ಇಂಥ ಮನುಷ್ಯನನ್ನು ಸರ್ಕಾರ ಬಹಳ ದಿನ ಸಹಿಸುವುದು ಸಾಧ್ಯವಿರಲಿಲ್ಲ. ತಾರಾನಾಥರು ಸಂಸ್ಥಾನ ಬಿಟ್ಟು ಹೊಳೆ ದಾಟಿ, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ತುಂಗಭದ್ರಾ ಎಂಬ ಊರಿನ ಬಳಿ ಪ್ರೇಮಾಯತನ ಎಂಬ ಆಶ್ರಮ ಕಟ್ಟಿಕೊಂಡರು. ರಾಯಚೂರಿನಿಂದ ರೈಲು ಹತ್ತಿದರೆ ಹೊಳೆಯ ಆಚೆಗೇ ಆ ಊರು. ಅವರು ಹೋದರೂ ಶಾಲೆ ಉಳಿಯಿತು. ಆ ಶಾಲೆಯ ಮಕ್ಕಳು ಮುಂದೆ ಚಳವಳಿಗೆ ಬಂದರು, ಬರವಣಿಗೆಗೆ ಬಂದರು. ತಾರಾನಾಥರ ಹೆಸರಿನ ಶಿಕ್ಷಣ ಸಂಸ್ಥೆ ಇಂದಿಗೂ ಊರಿನಲ್ಲಿ ಕಾಲೇಜು ನಡೆಸುತ್ತಿದೆ.

ತಾರಾನಾಥರ ಮಗ ರಾಜೀವ ತಾರಾನಾಥ ಹುಟ್ಟಿದ್ದು 1932ರಲ್ಲಿ. ಹಾಡುಗಾರಿಕೆಯ ಮೊದಲ ಪಾಠ ತಂದೆಯಿಂದ. 1942ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಹತ್ತು ವರ್ಷ. ಮುಂದೆ ಅಲಿ ಅಕ್ಬರ್ ಖಾನರ ಶಿಷ್ಯನಾಗಿ ಸರೋದ್ ವಾದನದಲ್ಲಿ ದೊಡ್ಡ ಹೆಸರು ಮಾಡಿದ, ಜೊತೆಗೆ ಇಂಗ್ಲಿಷ್ ಸಾಹಿತ್ಯದ ಮೇಷ್ಟರಾಗಿಯೂ ದುಡಿದ ಆ ಹಿರಿಯರು 2024ರ ಜೂನ್‌ನಲ್ಲಿ ಮೈಸೂರಿನಲ್ಲಿ ಕಣ್ಮುಚ್ಚಿದರು.

1938ರಲ್ಲಿ ಉಸ್ಮಾನಿಯಾದ ವಿದ್ಯಾರ್ಥಿನಿಲಯಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ವಿದ್ಯಾರ್ಥಿಗಳನ್ನು ಹೊರಹಾಕಿದರು. ನೂರಾರು ಮಂದಿ ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಆ ಸುದ್ದಿ ಜಿಲ್ಲೆಗಳ ಶಾಲೆಗಳಿಗೂ ಮುಟ್ಟಿತು. 1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾದಾಗ ರಾಯಚೂರು ಸ್ವತಂತ್ರವಾಗಲಿಲ್ಲ. ಮುಂದಿನ ಹದಿಮೂರು ತಿಂಗಳು ನಿಜಾಮರ ಪರ ನಿಂತ ರಜಾಕಾರ ಪಡೆಯ ಕಾಲ. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ ಹೋರಾಟ ನಡೆಯಿತು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಶಿಬಿರ ಕಟ್ಟಿದರು. ಅಲ್ಲಿ ಬಂದೂಕು ಹಿಡಿದವರಲ್ಲಿ ಶಾಲೆ ಬಿಟ್ಟು ಬಂದ ಹುಡುಗರೂ ಇದ್ದರು. ಹಳ್ಳಿಗಳಲ್ಲಿ ಜನ ಹಗೇವಿನಲ್ಲಿ ಜೋಳದ ಜೊತೆಗೆ ಬಂಗಾರ, ಹಿತ್ತಾಳೆ ಪಾತ್ರೆಗಳನ್ನೂ ಮುಚ್ಚಿಟ್ಟು, ಮಕ್ಕಳನ್ನು ಬಂಡಿಯಲ್ಲಿ ಕೂಡಿಸಿಕೊಂಡು ಹೊಳೆ ದಾಟಿದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಆ ನಂತರದ ವಾರಗಳಲ್ಲಿ ಹಲವೆಡೆ ಏನೂ ತಪ್ಪು ಮಾಡದ ಮುಸ್ಲಿಂ ಕುಟುಂಬಗಳು ಸೇಡಿಗೆ ಬಲಿಯಾದವು. ಮಕ್ಕಳು ಅದನ್ನೂ ಕಂಡರು. ಈ ಎರಡೂ ನೋವುಗಳನ್ನು ಒಟ್ಟಿಗೆ ಹೇಳುವ ಮನೆಗಳು ಕಡಿಮೆ. ಒಂದೊಂದು ಮನೆ ಒಂದೊಂದನ್ನು ಮಾತ್ರ ನೆನಪಿಟ್ಟಿದೆ.

ಆಮೇಲಿನ ಬದಲಾವಣೆಗಳು ಬೇಗಬೇಗ ಬಂದವು. ಶಾಲೆಗಳಿಗೆ ಕನ್ನಡ ಬಂತು. ಉರ್ದುವಿನಲ್ಲಿ ಅರ್ಧ ಓದಿದ್ದ ಹುಡುಗರು ತಮ್ಮದೇ ಭಾಷೆಯಲ್ಲಿ ಹೊಸದಾಗಿ ಅಕ್ಷರ ತಿದ್ದಬೇಕಾಯಿತು, ಉರ್ದು ಮಾಸ್ತರರು ಕನ್ನಡ ಕಲಿಯಬೇಕಾಯಿತು. 1956ರಲ್ಲಿ ಸಾಹಿತ್ಯ ಸಮ್ಮೇಳನ ಎರಡನೆಯ ಸಲ ರಾಯಚೂರಿಗೆ ಬಂತು, ಶ್ರೀರಂಗರು ಅಧ್ಯಕ್ಷರು. ಆ ವರ್ಷವೇ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರದ ಪಾಲಾದವು. ಒಂದೇ ಶಾಲೆಯಲ್ಲಿ ಕೂತವರು ಎರಡು ರಾಜ್ಯದವರಾದರು.

ಮಾನ್ವಿಯ ಬಾಲ್ಯವನ್ನು ಬದಲಿಸಿದ್ದು ನೀರು. 1945ರಲ್ಲಿ ಹೈದರಾಬಾದ್ ಸಂಸ್ಥಾನವೂ ಮದ್ರಾಸ್ ಸರ್ಕಾರವೂ ಸೇರಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಬಿಟ್ಟರು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಸಾಗಿತು. ಜೋಳ, ಸಜ್ಜೆ, ಹತ್ತಿಯ ಎರೆಹೊಲಗಳು ಭತ್ತದ ಗದ್ದೆಗಳಾದವು. ನೀರಾವರಿ ಬೇಸಾಯ ಬಲ್ಲ ಆಂಧ್ರದ ರೈತರು ಬಂದು ಜಮೀನು ಕೊಂಡು ಕಾಲುವೆಯ ಪಕ್ಕ ಕ್ಯಾಂಪುಗಳನ್ನು ಕಟ್ಟಿದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಕ್ಯಾಂಪಿನ ಮಕ್ಕಳದ್ದೇ ಒಂದು ಹೊಸ ಪೀಳಿಗೆ ಬೆಳೆಯಿತು. ಕಾಲುವೆಯ ಕೊನೆಭಾಗದ ಊರುಗಳವರು ಮಾತ್ರ ಇಂದಿಗೂ ನೀರಿಗಾಗಿ ರಸ್ತೆ ತಡೆ ನಡೆಸುತ್ತಾರೆ. ದೇವದುರ್ಗಕ್ಕೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಬಂದದ್ದು ಬಹಳ ತಡವಾಗಿ, ಅದೂ ಎಲ್ಲ ಹೊಲಗಳಿಗಲ್ಲ. ಅಲ್ಲಿನ ಎಷ್ಟೋ ಮನೆಗಳು ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುತ್ತವೆ. ತಂದೆ-ತಾಯಿಯ ಜೊತೆ ಮಕ್ಕಳೂ ಹೋಗುತ್ತಾರೆ, ಶಾಲೆಯ ವರ್ಷ ಅರ್ಧಕ್ಕೇ ಕಡಿಯುತ್ತದೆ. ನಿಜಾಮರ ಕಾಲದಲ್ಲಿ ಮಗುವನ್ನು ಶಾಲೆಯಿಂದ ದೂರ ಇಟ್ಟದ್ದು ಭಾಷೆ. ಈಗ ಆ ಕೆಲಸವನ್ನು ಕೂಲಿಯ ಅನಿವಾರ್ಯ ಮಾಡುತ್ತಿದೆ.

ಉರ್ದು ಶಾಲೆಯ ಬಾಲ್ಯ ಬರಿಯ ನಷ್ಟವಾಗಿರಲಿಲ್ಲ ಎಂಬುದಕ್ಕೆ ಶಾಂತರಸರೇ ಸಾಕ್ಷಿ. 1924ರಲ್ಲಿ ಲಿಂಗಸುಗೂರು ತಾಲ್ಲೂಕಿನ ಹೆಂಬೇರಾಳದಲ್ಲಿ ಹುಟ್ಟಿದವರು, ರಾಯಚೂರಿನಲ್ಲಿ ಬಾಳಿದವರು. ಉರ್ದುವನ್ನು ಹೇರಿಕೆಯಾಗಿ ಕಂಡ ತಲೆಮಾರಿನವರೇ ಆದರೂ ಅದರ ಕಾವ್ಯವನ್ನು ಅವರು ಬಿಟ್ಟುಕೊಡಲಿಲ್ಲ. ಗಜಲ್ ಎಂಬ ಕಾವ್ಯರೂಪವನ್ನು ಅದರ ಕಟ್ಟುಪಾಡುಗಳ ಸಮೇತ ಕನ್ನಡಕ್ಕೆ ತಂದವರಲ್ಲಿ ಅವರೇ ಮೊದಲಿಗರು. ಮಗಳು ಎಚ್.ಎಸ್. ಮುಕ್ತಾಯಕ್ಕ ಅದೇ ದಾರಿಯಲ್ಲಿ ಕನ್ನಡದ ಮುಖ್ಯ ಗಜಲ್ ಕವಿಯಾದರು. ಈಗ ರಾಯಚೂರು ಸೀಮೆಯಲ್ಲಿ ಗಜಲ್ ಬರೆಯುವ ಶಾಲಾ ಮೇಷ್ಟ್ರುಗಳು ಊರಿಗೊಬ್ಬರಾದರೂ ಸಿಗುತ್ತಾರೆ. 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನಕ್ಕೆ ಶಾಂತರಸರು ಅಧ್ಯಕ್ಷರಾದರು. ಎರಡು ವರ್ಷದ ನಂತರ ತೀರಿಕೊಂಡರು.

1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಬಂದಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳನ್ನು ಮಾತಾಡಿಸಿದವರು ಕಡಿಮೆ. ಬಂಡಿಯಲ್ಲಿ ಹೊಳೆ ದಾಟಿದ ರಾತ್ರಿ, ಹಗೇವಿನಲ್ಲಿ ಮುಚ್ಚಿಟ್ಟ ಪಾತ್ರೆ ಮರಳಿ ಸಿಕ್ಕಿತೋ ಇಲ್ಲವೋ, ಪಕ್ಕದ ಮನೆಯ ಗೆಳತಿ ಯಾಕೆ ಊರು ಬಿಟ್ಟಳು ಎಂಬುದನ್ನು ಬಲ್ಲವರು ಅವರೇ. ರಾಯಚೂರು, ಮಾನ್ವಿ, ದೇವದುರ್ಗ ತಾಲ್ಲೂಕುಗಳ ಪ್ರೌಢಶಾಲೆಯ ಮಕ್ಕಳು ತಮ್ಮ ಓಣಿಯ ಅಜ್ಜ ಅಜ್ಜಿಯರ ಬಳಿ ಕೂತು ಕೇಳಿ ಬರೆದುಕೊಂಡರೆ, ಮೊಬೈಲಿನಲ್ಲಿ ದನಿ ಹಿಡಿದಿಟ್ಟರೆ, ದೊಡ್ಡ ಖರ್ಚೇನೂ ಇಲ್ಲದೆ ಒಂದು ಸೀಮೆಯ ಚರಿತ್ರೆ ಕೈಗೆ ಸಿಗುತ್ತದೆ. ಕಾಗದದ ಕಡೆಯೂ ಕೆಲಸವಿದೆ. ನಿಜಾಮರ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. ಯಾವ ಹೊಲ ಯಾರ ಅಜ್ಜನದಾಗಿತ್ತು, ಯಾವ ಊರಿನಲ್ಲಿ ಯಾರ ಮನೆ ಎಲ್ಲಿತ್ತು ಎಂಬುದೆಲ್ಲ ಅವುಗಳಲ್ಲಿ ಅಡಗಿದೆ. ಅವುಗಳನ್ನು ಸರಾಗವಾಗಿ ಓದಿ ಕನ್ನಡಕ್ಕೆ ಇಳಿಸಬಲ್ಲವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ, ಅವರೂ ಆ ಹಳೆಯ ಶಾಲೆಗಳಲ್ಲಿ ಕಲಿತವರು. ಹೊಸ ವಿಶ್ವವಿದ್ಯಾಲಯ ಬಂದಿರುವ ರಾಯಚೂರಿನಲ್ಲಿ ಕನ್ನಡದ ಹುಡುಗರಿಗೆ ಆ ಲಿಪಿಯನ್ನು ಕಲಿಸುವ ಒಂದು ತರಗತಿ ಈಗಲೇ ತೆರೆಯಬೇಕು.